ಮೊಡವೆ ನುಡಿದ ಸಾಕ್ಷಿ

ನನ್ನ ತಂಗಿ ಮಸ್ಕಿಯಲ್ಲಿ ಕಳ್ಳಿ ಎನಿಸಿಕೊಂಡದ್ದು ಮುಖದ ಮೇಲಿನ ಮೊಡವೆಗಳಿಂದ. ಇದನ್ನು ಈಗ ಹೇಳಿದರೆ ಮೊಮ್ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ನಗಲಿ. ಆಗ ನಮ್ಮ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ. ಹದಿನೇಳರ ಹುಡುಗಿಯ ಗಲ್ಲದ ಮೇಲೆ ನಾಲ್ಕು ಗುಳ್ಳೆ ಎದ್ದದ್ದೇ ತಡ, ಅವಳು ಅಡುಗೆಮನೆಯಲ್ಲಿ ಬೆಲ್ಲ, ತುಪ್ಪ, ಶೇಂಗಾ ಕದ್ದು ತಿನ್ನುತ್ತಾಳೆ ಎಂದು ಅವಳ ಅತ್ತೆ ತೀರ್ಮಾನ ಮಾಡಿಬಿಟ್ಟಳು. ಜಿಡ್ಡು ಹೊಟ್ಟೆಗೆ ಹೋದರೆ ಮುಖದ ಮೇಲೆ ಹೊರಬೀಳುತ್ತದಂತೆ. ಈ ಶಾಸ್ತ್ರವನ್ನು ಆಕೆಗೆ ಯಾವ ಪುಣ್ಯಾತ್ಮ ಹೇಳಿಕೊಟ್ಟಿದ್ದನೋ ಶಿವನೇ ಬಲ್ಲ. ಓಣಿಯಲ್ಲಿ ಎಲ್ಲರೂ ಅದನ್ನು ನಂಬಿದರು.

ನಮ್ಮ ತವರು ಲಿಂಗಸೂಗೂರು. ಅಪ್ಪ ಕಚೇರಿಯಲ್ಲಿ ಕಾರಕೂನ. ಸಾಕ್ಷಿ ಹೇಳಲು ಬಂದವರ ಮಾತನ್ನು ಉರ್ದುವಿನಲ್ಲಿ ಬರೆದುಕೊಳ್ಳುವುದು ಅವನ ಕೆಲಸ. ನಿಜಾಮರ ಸರ್ಕಾರದ ಸಂಬಳ, ತಲೆಯ ಮೇಲೆ ಬಿಳಿ ರುಮಾಲು, ದಾರಿಯಲ್ಲಿ ಸಲಾಮು. ನನ್ನನ್ನು ಅದೇ ಊರಿಗೆ ಕೊಟ್ಟಿದ್ದರು, ತಂಗಿಯನ್ನು ಮಸ್ಕಿಗೆ. ಅವಳ ಮದುವೆಯಾಗಿ ಎರಡು ವರ್ಷ ತುಂಬಿರಲಿಲ್ಲ, ಅಲ್ಲಿಂದ ಹೇಳಿಕಳಿಸಿದರು: ನಾಗರಪಂಚಮಿಗೆ ಮಗಳನ್ನು ಕರೆದೊಯ್ದು ಬಾಯಿ ಕಟ್ಟುವುದನ್ನು ಕಲಿಸಿರಿ, ಕಲಿಯದಿದ್ದರೆ ಅಲ್ಲೇ ಇಟ್ಟುಕೊಳ್ಳಿರಿ. ಹಿಟ್ಟು ನಾದುತ್ತಿದ್ದ ಅವ್ವ ಕೈ ಹಾಗೇ ಬಿಟ್ಟು ಗೋಡೆಗೆ ಒರಗಿದಳು. ಗಂಡನ ಮನೆಯಿಂದ ಬಂದು ಕುಳಿತವಳನ್ನೇ ಊರು ಬಾಯಿಗೆ ಬಂದಂತೆ ಆಡಿಕೊಳ್ಳುತ್ತಿದ್ದ ಕಾಲ ಅದು. ಕಳ್ಳಿ ಎಂಬ ಹೆಸರು ಹೊತ್ತು ಬಂದವಳ ಗತಿ ಏನು? ಅವ್ವ ಅಂದು ಊಟ ಮಾಡಲಿಲ್ಲ.

ನಮಗೆ ಅಣ್ಣತಮ್ಮಂದಿರಿಲ್ಲ. ಹಬ್ಬಕ್ಕೆ ಕರೆಯಲು ಅಪ್ಪನ ಜೊತೆ ನಾನೇ ಗಾಡಿ ಹತ್ತಿದೆ. ಬೀಗರದು ಎರಡಂಕಣದ ಮನೆ, ಆದರೆ ತಂಗಿಯ ಅತ್ತೆಯ ತಲೆಯೊಳಗೆ ದೇಸಾಯರ ವಾಡೆಯಿತ್ತು. ದೇಸಾಯರ ಮನೆಯ ಹೆಂಗಸರು ಗೋಷಾದಲ್ಲಿ ಇರುತ್ತಾರೆ, ಪರಪುರುಷರಿಗೆ ಮುಖ ತೋರಿಸುವುದಿಲ್ಲ ಎಂದು ಎಲ್ಲೋ ಕೇಳಿ, ತನ್ನ ಸೊಸೆಗೂ ಅದೇ ರಿವಾಜು ಹಚ್ಚಿದ್ದಳು. ಮೂಗಿನ ತುದಿಯ ತನಕ ಸೆರಗು ಇಳಿದಿರಬೇಕು. ಮಾವನ ಎದುರು ಅಂದರೆ ಒಪ್ಪೋಣ, ಒಲೆಯ ಎದುರೂ ಹಾಗೇ! ದೇಸಾಯರ ಮನೆಯಲ್ಲಿ ರೊಟ್ಟಿ ಬಡಿಯಲು ಆಳುಮಂದಿ ಇರುತ್ತಾರೆ ಎಂಬ ಸುದ್ದಿ ಮಾತ್ರ ಆಕೆಯ ಕಿವಿಗೆ ಬಿದ್ದಿರಲಿಲ್ಲ. ಇಡೀ ಮನೆಯ ರೊಟ್ಟಿ ನನ್ನ ತಂಗಿಯೊಬ್ಬಳೇ ಬಡಿಯುತ್ತಿದ್ದಳು.

ಅಂದು ಅವಳ ಪಕ್ಕದಲ್ಲಿ ಕುಳಿತು ನೋಡಿದೆ. ಹತ್ತಿಕಟ್ಟಿಗೆಯ ಹೊಗೆ, ಹಂಚಿನ ಕಾವು, ಅದರ ಮೇಲೆ ಮುಖಕ್ಕೆ ಮುಚ್ಚಳವಾಗಿ ಸೆರಗು. ಬೆವರು ಇಳಿದರೆ ಅದೇ ಸೆರಗಿನಿಂದ ತಿಕ್ಕಿಕೊಳ್ಳುವಳು, ಮಸಿ ಹಿಡಿದ ಗಡಿಗೆಯನ್ನು ಅದರಿಂದಲೇ ಇಳಿಸುವಳು, ಮತ್ತೆ ಅದನ್ನೇ ಮುಖದ ಮೇಲೆ ಎಳೆದುಕೊಳ್ಳುವಳು. ತಲೆಗೆ ದಿನಾ ಔಡಲೆಣ್ಣೆ, ಹುಬ್ಬಿನ ತನಕ ಜಿನುಗುವಷ್ಟು. ತಲೆ ಒಣಗಿದ್ದರೆ ಬೀಗರು ಸೊಸೆಯನ್ನು ಉಪವಾಸ ಕೆಡವಿದ್ದಾರೆ ಎಂದು ಮಂದಿ ಅಂದಾರು ಎಂಬ ಹೆದರಿಕೆ ಅತ್ತೆಗೆ. ಪಲ್ಯಕ್ಕೆ ಮಾತ್ರ ಎಣ್ಣೆಯ ಹನಿಯೂ ಬೀಳುತ್ತಿರಲಿಲ್ಲ. ಅದು ಹೊರಗಿನವರ ಕಣ್ಣಿಗೆ ಕಾಣುವುದಿಲ್ಲವಲ್ಲ. ಸಂಜೆಗೆ ಅತ್ತೆಯ ಕೈಯ ಔಷಧ ಬೇರೆ. ಒಲೆಯ ಬೂದಿ ತಂದು ಗಲ್ಲಕ್ಕೆ ಹಾಕಿ, ತಾಮ್ರದ ಕೊಡ ಬೆಳಗಿದಂತೆ ತಿಕ್ಕುವುದು, ಆಮೇಲೆ ಉಗುರಿನಿಂದ ಗುಳ್ಳೆಗಳನ್ನು ಒತ್ತಿ ಒಡೆಯುವುದು. ಮೊದಲು ನಾಲ್ಕೇ ಇದ್ದ ಗುಳ್ಳೆಗಳು ಗದ್ದದ ತನಕ ಹಬ್ಬಿ ಕೀವು ಕಟ್ಟಿದ್ದವು. ಕೈ ತಾಗಿದರೆ ತಂಗಿ ಹಲ್ಲು ಕಚ್ಚುತ್ತಿದ್ದಳು.

ಅಪ್ಪನನ್ನು ಕಂಬಳಿಯ ಮೇಲೆ ಕೂರಿಸಿ, ಅತ್ತೆ ಸೊಸೆಯ ಗದ್ದ ಹಿಡಿದೆತ್ತಿ ತೋರಿಸಿದಳು. ಇದಕ್ಕಿಂತ ಬೇರೆ ಸಾಕ್ಷಿ ಬೇಕೇನು ಎಂದು ಕೇಳಿದಳು. ನಾನು ತಡೆಯಲಾರದೆ ಬೆಲ್ಲ ಎಷ್ಟು ಕಡಿಮೆಯಾಗಿದೆ ಎಂದೆ. ಏನೂ ಕಡಿಮೆಯಾಗಿರಲಿಲ್ಲ. ಯುದ್ಧದ ಕಾಲ, ಬೆಲ್ಲಕ್ಕೆ ಬಂಗಾರದ ಮಾನ. ಅದು ಪೆಟ್ಟಿಗೆಯಲ್ಲಿತ್ತು, ಪೆಟ್ಟಿಗೆಗೆ ಕೀಲಿಯಿತ್ತು, ಕೀಲಿ ಆಕೆಯ ಟೊಂಕದಲ್ಲೇ ಇತ್ತು. ಹಾಗಾದರೆ ಕಳುವಾದದ್ದೇನು ಎಂದು ಕೇಳಿದೆ.

"ಗೊತ್ತಾಗೋ ಹಂಗ ಕದಿಯಾಕ ಆಕಿ ಏನು ದಡ್ಡಿ ಅದಾಳೇನವಾ?" ಎಂದಳು.

ಇಂಥವರ ಜೊತೆ ವಾದ ಮಾಡುವವರೇ ಹುಚ್ಚರು. ಆದರೂ ಬಿಡಲಿಲ್ಲ. ಸಿಂಧನೂರಿಗೆ ಕೊಟ್ಟಿದ್ದ ಆಕೆಯ ಮಗಳು ಹಬ್ಬಕ್ಕೆ ಬಂದು ಬಾಗಿಲಲ್ಲೇ ಕುಳಿತಿದ್ದಳು, ಎರಡೂ ಗಲ್ಲ ಕೆಂಪಗೆ ಗುಳ್ಳೆ ತುಂಬಿ. ಇವಳೇನು ಕದ್ದಳು ಎಂದೆ. ಅದು ಹರೆಯದ ಕಳೆಯಂತೆ! ತನ್ನ ಮಗಳಿಗೆ ಬಂದದ್ದು ಕಳೆ, ಮಂದಿಯ ಮಗಳಿಗೆ ಬಂದದ್ದು ಕಳವು. ನನ್ನ ಮೈ ಉರಿದುಹೋಯಿತು. ಅಪ್ಪ ಮಾತ್ರ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ.

ತವರಿಗೆ ಬಂದ ತಂಗಿಗೆ ಅವ್ವ ಯಾವ ಔಷಧವನ್ನೂ ಹಚ್ಚಲಿಲ್ಲ. ಅವಳಿಗೆ ಗೊತ್ತೂ ಇರಲಿಲ್ಲ, ಪುರಸೊತ್ತೂ ಇರಲಿಲ್ಲ. ಪಂಚಮಿಯೆಂದರೆ ನಮ್ಮಲ್ಲಿ ಡಬ್ಬಿಗಟ್ಟಲೆ ಉಂಡಿ. ಶೇಂಗಾದ ಉಂಡಿ, ಎಳ್ಳಿನ ಉಂಡಿ, ಎಲ್ಲಕ್ಕೂ ಬೆಲ್ಲ, ಎಷ್ಟು ತುಟ್ಟಿಯಾದರೂ ಅವ್ವ ತರಿಸುತ್ತಿದ್ದಳು. ತಂಗಿ ಹಬ್ಬ ಮುಗಿದ ಮೇಲೂ ದಿನಾ, ಎರಡು ವರ್ಷದ ಹಸಿವು ತೀರಿಸಿಕೊಳ್ಳುವವಳಂತೆ ತಿಂದಳು. ಜೋಕಾಲಿ ಆಡುವಾಗ ಸೆರಗು ಎಲ್ಲಿ ನಿಲ್ಲಬೇಕು, ಟೊಂಕಕ್ಕೆ ಸಿಕ್ಕಿಸಿದಳು. ಎಣ್ಣೆ ವಾರಕ್ಕೊಮ್ಮೆ, ಅದೂ ತಲೆ ತೊಳೆಯುವ ಮುಂಚೆ. ಬಾವಿಯ ಬಳಿ ಹೋದಾಗಲೆಲ್ಲ ಮುಖಕ್ಕೆ ತಣ್ಣೀರು, ಒರೆಸಲು ಒಗೆದ ಅರಿವೆ. ಗುಳ್ಳೆಗೆ ಕೈ ಹೋದರೆ ಅವ್ವ ಲಟ್ಟಣಿಗೆ ಎತ್ತುತ್ತಿದ್ದಳು. ಈಗ ನನ್ನ ಮೊಮ್ಮಗಳು ಕನ್ನಡಿ ಹಿಡಿದು ಚಿವುಟುತ್ತ ಕೂತರೆ ನಾನೂ ಕೈಮೇಲೆ ಒಂದು ಹಾಕುತ್ತೇನೆ. ನೂರೆಂಟು ಮುಲಾಮು ತಂದು ಇಟ್ಟುಕೊಂಡಿದ್ದಾಳೆ, ಉಗುರು ಮಾತ್ರ ಸುಮ್ಮನಿರುವುದಿಲ್ಲ. ತಂಗಿಯ ಮುಖ ಒಂದೇ ದಿನಕ್ಕೆ ತಿಳಿಯಾಗಲಿಲ್ಲ. ಕೀವು ಮೊದಲು ಆರಿತು, ಆಮೇಲೆ ಕೆಂಪು ಇಳಿಯಿತು, ದಸರೆಯ ಹೊತ್ತಿಗೆ ಅಲ್ಲೊಂದು ಇಲ್ಲೊಂದು ಕಲೆ ಉಳಿದಿತ್ತು.

ಆಗ ಅತ್ತೆಯೇ ಮಗನನ್ನು ಕರೆದುಕೊಂಡು ಬಂದಿಳಿದಳು. ಮಗಳು ಸಿಂಧನೂರಿಗೆ ಹೋದ ಮೇಲೆ ರೊಟ್ಟಿ ಬಡಿಯುವುದು ಆಕೆಯ ಕೊರಳಿಗೇ ಬಿದ್ದಿತ್ತು, ಅದಕ್ಕೇ ಸೊಸೆಯ ನೆನಪು. ನಾನೂ ಅಂದು ತವರಿನಲ್ಲಿದ್ದೆ. ನೀರು ತಂದ ತಂಗಿಯ ಮುಖವನ್ನು ಆಕೆ ಹತ್ತಿರದಿಂದ ನೋಡಿದಳು. ಈಗಲಾದರೂ ತಿಳಿದೀತು ಎಂದು ನಾನು ಬೆಪ್ಪಿಯಂತೆ ಕಾದೆ. ಆಕೆ ಅಪ್ಪನ ಕಡೆ ತಿರುಗಿದಳು.

"ಕದಿಯೋದು ಬಿಟ್ಟಾಳ ನೋಡ್ರಿ. ಮುಖಾನ ಹೇಳಾಕತ್ತೈತಿ."

ತಂಗಿಯ ಗಂಡ ಜಂತಿ ಎಣಿಸುತ್ತ ಕುಳಿತ. ಅಪ್ಪ ಬಾಯಿ ತೆರೆದ. ಹೌದು, ಬುದ್ಧಿ ಹೇಳಿದ್ದೇವೆ, ಇನ್ನು ಮುಂದೆ ಹಾಗೆ ಮಾಡುವುದಿಲ್ಲ ಎಂದ. ಸಂಬಂಧ ಉಳಿಸುತ್ತಿದ್ದೇನೆ ಎಂದು ಅವನ ಲೆಕ್ಕ. ದಿನಾ ಮಂದಿಯ ಸಾಕ್ಷಿ ಬರೆದುಕೊಳ್ಳುವ ಮನುಷ್ಯ, ಎರಡು ತಿಂಗಳು ಮಗಳು ಕಣ್ಣೆದುರೇ ಉಂಡಿ ತಿಂದದ್ದನ್ನು ಕಂಡ ಮನುಷ್ಯ, ಅವಳನ್ನು ಕಳ್ಳಿ ಎಂದು ಒಪ್ಪಿಬಿಟ್ಟ. ಥೂ, ಇಂದಿಗೂ ನೆನೆದರೆ ನನಗೆ ಹೇಸಿಗೆಯಾಗುತ್ತದೆ.

ತಂಗಿ ಒಳಗೆ ಹೋದಳು. ಅಳಲು ಹೋದಳೆಂದು ನಾನೂ ಏಳುತ್ತಿದ್ದೆ, ಅಷ್ಟರಲ್ಲಿ ಅವಳೇ ಹೊರಗೆ ಬಂದಳು. ಕೈಯಲ್ಲಿ ತಾಟು, ತಾಟಿನ ತುಂಬ ಶೇಂಗಾದ ಉಂಡಿ. ಸೆರಗು ಹೆಗಲ ಮೇಲೆ. ಅತ್ತೆಯ ಎದುರಿಗೇ ಕಾಲು ಮಡಚಿ ಕುಳಿತು ತಿನ್ನತೊಡಗಿದಳು. ಅತ್ತೆಗೆ ಬಡಿಸುವ ಮೊದಲು ಸೊಸೆ ತಿನ್ನುವುದನ್ನು ನಮ್ಮ ಕಡೆ ಯಾರೂ ಕಂಡಿರಲಿಲ್ಲ.

"ಇಲ್ಲಿ ಕದಿಯೋದು ಬೇಕಾಗಿಲ್ರಿ ಅತ್ತಿ," ಎಂದಳು. "ಅವ್ವ ಬಡಸ್ತಾಳ. ಪಂಚಮಿಯಿಂದ ದಿನಾ ತಿನ್ನಾಕತ್ತೀನಿ."

ತಂಗಿ ಅಪ್ಪನ ಕಡೆ ನೋಡಿದಳು.

"ಅಪ್ಪಾ, ನಾ ಕದ್ದಿಲ್ಲ ಅಂತ ಇವರ ಮುಂದ ಹೇಳು. ಹೇಳೂತನಕ ನಾ ಗಾಡಿ ಹತ್ತಂಗಿಲ್ಲ."

ಅವ್ವ ಹಿಟ್ಟಿನ ಕೈಯಲ್ಲೇ ಹೊಸ್ತಿಲಿಗೆ ಬಂದು ನಿಂತಳು. ಅಪ್ಪ ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ನೆಲ ನೋಡುತ್ತ, ತನ್ನ ಮಗಳು ಕದ್ದಿಲ್ಲ ಎಂದು ಗೊಣಗಿದ.

"ಅವರಿಗೆ ಕೇಳಿಸಿಲ್ಲ," ಎಂದಳು ತಂಗಿ.

ಅಪ್ಪ ತಲೆ ಎತ್ತಿ ಬೀಗಿತ್ತಿಯ ಮುಖ ನೋಡಿ ಇನ್ನೊಮ್ಮೆ ಹೇಳಿದ, ಈ ಸಲ ಹೊರಗಿನ ಕಟ್ಟೆಯವರಿಗೂ ಕೇಳುವಂತೆ. ತಂಗಿ ಉಳಿದ ಉಂಡಿಯನ್ನು ತಿಂದು ಮುಗಿಸಿ, ಕೈ ತೊಳೆದುಕೊಂಡು ಬಂದು, ಗಂಡನಿಗೆ ಗಾಡಿ ಕಟ್ಟಲು ಹೇಳಿದಳು. ಅವನು ತಾಯಿಯ ಮುಖ ನೋಡದೆ ಎದ್ದು ಹೋದ.