ವಾಡಿಯಲ್ಲಿ ಉಳಿದ ಉಕ್ರೇನಿನವರು

ಸೇಡಂನಲ್ಲಿ ನಡೆಯಲಿದ್ದ ಕರ್ನಾಟಕ ಏಕೀಕರಣದ ಸಭೆಗೆ ಹೊರಟು ವಾಡಿ ಜಂಕ್ಷನ್‌ನಲ್ಲಿ ಗಾಡಿಗಾಗಿ ಕಾಯುತ್ತಿದ್ದೆ. ಪಕ್ಕದಲ್ಲಿ ಅದೇ ಗಾಡಿಗೆ ಕಾದಿದ್ದ ಬಿಳಿಯರೊಬ್ಬರು, ವಯಸ್ಸಾದವರು. ಆ ಬಿಸಿಲಲ್ಲೂ ಕೊರಳವರೆಗೆ ಗುಂಡಿ ಹಾಕಿದ ಕಸೂತಿ ಅಂಗಿ. ಶಹಾಬಾದಿನ ಸಿಮೆಂಟ್ ಕಾರ್ಖಾನೆಯಲ್ಲಿ ಯಂತ್ರ ನೋಡಿಕೊಳ್ಳುವವರು. ಇಂಗ್ಲಿಷಿನಲ್ಲಿ ಮಾತಿಗಿಳಿದರು. ಪೋಲೆಂಡಿನ ಕೈಕೆಳಗಿದ್ದ ಉಕ್ರೇನಿನ ಸೀಮೆಯಿಂದ ಆ ದೇಶದ ಶಾಸನಸಭೆಗೆ ಆರಿಸಿ ಹೋಗಿದ್ದರಂತೆ. ತಮ್ಮ ಭಾಷೆಯ ಶಾಲೆ ಕೇಳಿದ್ದಕ್ಕೆ ಪೋಲೆಂಡಿನವರು ಜೈಲಿಗೆ ಹಾಕಿದರು. ಸ್ವತಂತ್ರ ದೇಶ ಬೇಕೆಂದದ್ದಕ್ಕೆ ಜರ್ಮನರೂ ಕೂಡಿಹಾಕಿದರು. ಯುದ್ಧ ಮುಗಿದಾಗ ಊರು ರಷ್ಯದ ಪಾಲಾಗಿತ್ತು. ಉಕ್ರೇನ್ ಬೇರೆ ದೇಶ ಎನ್ನುವವರನ್ನು ಅವರೂ ಬಿಡುತ್ತಿರಲಿಲ್ಲ; ಮತ್ತೆ ಮನೆಗೆ ಹೋಗಲಾಗಲಿಲ್ಲ.

ಅಷ್ಟರಲ್ಲಿ ಪೊಲೀಸ್ ಜಮಾದಾರ ಪರದೇಶದವರ ದಾಖಲೆ ಪುಸ್ತಕ ಹಿಡಿದು ಬಂದು, “ಯಾವ ಮುಲ್ಕಿನವರ್ರಿ ಸಾಹೇಬರು?” ಎಂದು ನನ್ನನ್ನು ಕೇಳಿದ. ಉಕ್ರೇನ್ ದೇಶದವರು ಎಂದೆ.

“ಅಂಥಾ ಮುಲ್ಕಽ ಇಲ್ರಿ. ಪೋಲೆಂಡ್ ಇಲ್ಲಾ ರಷ್ಯಾ, ಯಾವುದರೆ ಒಂದು ಅನ್ನಾಕ ಹೇಳ್ರಿ. ಇಲ್ಲಂದ್ರ ಗಾಡಿ ಹತ್ತಂಗಿಲ್ಲ.”

ನನಗೆ ಮೈಯೆಲ್ಲ ಉರಿಯಿತು. “ನಿಜಾಮರ ಕಾಲದಾಗ ನಮಗೂ ಹಿಂಗಽ ಅಂತಿದ್ರು, ಕನ್ನಡ ನಾಡು ಅಂಬೋದಽ ಇಲ್ಲ ಅಂತ. ನೀವೂ ಕನ್ನಡದವರಾಗಿ ಅದಽ ಮಾತು ಅಂತೀರೇನ್ರಿ?”

“ನನ್ ಮ್ಯಾಲ ಯಾಕ ಸಿಟ್ಟಾಗ್ತೀರಿ? ಒಂದು ಹೆಸರು ಅಂದ್ರ ಏನ್ ಹೋಗ್ತದ್ರಿ?”

ಜಮಾದಾರನ ಮಾತನ್ನು ಇಂಗ್ಲಿಷಿನಲ್ಲಿ ಅವರಿಗೆ ತಿಳಿಸುವ ಹೊತ್ತಿಗೆ ಗಾಡಿ ಬಂದು ನಿಂತಿತ್ತು. ಅವರು ಏಳಲಿಲ್ಲ.

“ಉಕ್ರೇನ್ ಎನ್ನುವುದನ್ನು ಬಿಡುವವನಾಗಿದ್ದರೆ ನಾನು ಈಗ ನನ್ನ ಮನೆಯಲ್ಲೇ ಇರುತ್ತಿದ್ದೆ,” ಎಂದರು.

ಜಮಾದಾರ ಅವರನ್ನು ಠಾಣೆಗೆ ಕರೆದ. ಸೇಡಂ ಗಾಡಿ ನಮ್ಮಿಬ್ಬರನ್ನೂ ಬಿಟ್ಟು ಹೊರಟಿತು. ನಾನು ಅವರ ಪೆಟ್ಟಿಗೆ ಎತ್ತಿಕೊಂಡು ಜತೆಗೆ ನಡೆದೆ.