ಗಲ್ಲಾದ ಮಾಮನ ಬಲಗೈ

ಅವರ ಪ್ಯಾಂಟುಗಳಿಗೆಲ್ಲ ಬಲಮೊಣಕಾಲಿನ ತುಸು ಮೇಲೆ ಅಂಗೈಯಗಲದ ಒಂದು ಮಾಸಿದ ಗುರುತು ಇರುತ್ತಿತ್ತು. ಹೊಸದು ಹೊಲಿಸಿದರೂ ಕೆಲವೇ ತಿಂಗಳಲ್ಲಿ ಅಲ್ಲಿ ಬಣ್ಣ ಹೋಗಿ, ಬಟ್ಟೆ ಸವೆದು ಎಳೆ ಕಾಣಿಸುತ್ತಿತ್ತು. ಅವರ ಬಲಗಾಲು ಮಗುವಾಗಿದ್ದಾಗಲೇ ಪೋಲಿಯೊದಿಂದ ಬತ್ತಿಹೋಗಿತ್ತು. ಆ ಕಾಲಿನ ಮೇಲೆ ಭಾರ ಹಾಕಬೇಕಾದರೆ ಬಲಗೈಯಿಂದ ಮೊಣಕಾಲನ್ನು ಹಿಂದಕ್ಕೆ ಒತ್ತಿ ಹಿಡಿಯಬೇಕು. ಒತ್ತು, ಹೆಜ್ಜೆ, ಒತ್ತು, ಹೆಜ್ಜೆ. ಹಾಗೆ ಅವರು ದಿನವೂ ಸಾಂತಾಕ್ರೂಜ್ ಸ್ಟೇಷನ್ನಿನ ಸೇತುವೆ ಹತ್ತಿ ಇಳಿಯುತ್ತಿದ್ದರು. ನಿಂತಾಗಲೂ ಕೈ ಅಲ್ಲೇ. ಅದನ್ನು ಅವರು ಎತ್ತುತ್ತಿದ್ದದ್ದು ಯಾರದಾದರೂ ಮಾತು ಒಪ್ಪಿಗೆಯಾಗದಿದ್ದಾಗ ಮಾತ್ರ. ಆಗ ಎಡಗೈಗೆ ಸಿಕ್ಕಿದ್ದನ್ನು ಗಟ್ಟಿಯಾಗಿ ಹಿಡಿದುಕೊಂಡು, ಬಲಗೈಯನ್ನು ಮೊಣಕಾಲಿನಿಂದ ಬಿಡಿಸಿ, ತೋರುಬೆರಳು ಎತ್ತುತ್ತಿದ್ದರು. ಮುಗ್ಗರಿಸಿ ಬಿದ್ದರೂ ಸರಿ, ಹೇಳಬೇಕಾದ್ದನ್ನು ಹೇಳಿಯೇ ಕೈ ಇಳಿಸುತ್ತಿದ್ದರು.

ಈಗ ಆ ಕಾಲು ಒಂದು ವಿಡಿಯೋ ಕ್ಲಿಪ್ಪಾಗಿ ಜನರ ಮೊಬೈಲುಗಳಲ್ಲಿ ಓಡಾಡುತ್ತಿದೆ. ಅವರನ್ನು ಎಂದೂ ಕಾಣದವರು ಅದನ್ನು ಒಬ್ಬರಿಂದೊಬ್ಬರಿಗೆ ದಾಟಿಸುತ್ತಿದ್ದಾರೆ. ಕೆಳಗೆ ಕೈಮುಗಿದ ಚಿತ್ರ, ಅದರ ಕೆಳಗೆ ‘ಮಗುವಿಗೆ ಲಸಿಕೆ ಹಾಕಿಸುವ ಮುನ್ನ ಇದನ್ನು ನೋಡಿ’ ಎಂಬ ಸಾಲು. ಬದುಕಿದ್ದಷ್ಟು ದಿನ ಒಂದು ಗಾಳಿಮಾತನ್ನೂ ತಮ್ಮ ಎದುರಿನಿಂದ ದಾಟಲು ಬಿಡದ ಮನುಷ್ಯ, ಸತ್ತ ಮೇಲೆ ಸ್ವತಃ ಗಾಳಿಮಾತಾಗಿದ್ದಾರೆ.

ಮಾಮ ಎಂದು ಕರೆಯುತ್ತಿದ್ದರೂ ನಮಗೆ ಅವರು ರಕ್ತಸಂಬಂಧಿಯಲ್ಲ. ಉಡುಪಿಯ ಕಡೆಯಿಂದ ಬಂದು ಸ್ಟೇಷನ್ ಹತ್ತಿರದ ಹೋಟೆಲೊಂದರಲ್ಲಿ ಗಲ್ಲಾದ ಮೇಲೆ, ಅಂದರೆ ಹಣ ತೆಗೆದುಕೊಳ್ಳುವ ಕೌಂಟರಿನಲ್ಲಿ, ಕೂರುತ್ತಿದ್ದರು. ನನ್ನ ಅಪ್ಪ ಅದೇ ಹೋಟೆಲಿನ ಅಡುಗೆಮನೆ ನೋಡಿಕೊಳ್ಳುತ್ತಿದ್ದರು. ಎರಡೂ ಸಂಸಾರ ಒಂದೇ ಬಿಲ್ಡಿಂಗಿನಲ್ಲಿ. ನಾವು ಎರಡನೇ ಮಹಡಿ, ಅವರು ನೆಲಮಹಡಿಯ ಒಂದು ಕೋಣೆ. ಶಾಲೆ ಬಿಟ್ಟ ಮೇಲೆ ನಾನು ಗಲ್ಲಾದ ಪಕ್ಕದ ಸ್ಟೂಲಿನ ಮೇಲೆ ಕೂತು ಬನ್ಸ್ ತಿನ್ನುತ್ತ ಹೋಂವರ್ಕ್ ಮಾಡುತ್ತಿದ್ದೆ.

ಒಂದು ದಿನ ಸಪ್ಲೈಯರ್ ಒಬ್ಬ ಓಡಿಬಂದು, ಎದುರಿನ ಹೋಟೆಲಿನ ಸಾಂಬಾರಿನಲ್ಲಿ ಹಲ್ಲಿ ಬಿದ್ದಿದೆಯಂತೆ ಎಂದ. ನಮ್ಮ ಹೋಟೆಲಿನಲ್ಲಿ ಹಬ್ಬದ ವಾತಾವರಣ. ತಿಂಡಿ ತಿನ್ನುತ್ತಿದ್ದ ಗಿರಾಕಿಗಳೂ ನಕ್ಕರು. ಮಾಮ ಎದ್ದು ನಿಂತು ಕೌಂಟರು ಹಿಡಿದು ಬೆರಳು ಎತ್ತಿದರು.

“ನೀನು ನೋಡಿದ್ದಾ, ಕೇಳಿದ್ದಾ?”

“ಕೇಳಿದ್ದು ಮಾಮ. ಆದ್ರೆ ಎಲ್ಲರೂ ಹೇಳ್ತಾ ಇದ್ದಾರೆ.”

“ಎಲ್ಲರೂ ಕೇಳಿದ್ದಾ, ಒಬ್ಬನಾದರೂ ನೋಡಿದ್ದುಂಟಾ? ನಾಳೆ ಅವರು ನಮ್ಮ ಸಾಂಬಾರಿಗೆ ಹೆಗ್ಗಣ ಹಾಕ್ತಾರೆ ಮಾರಾಯ. ಆಗ ಎಂತ ಮಾಡ್ತಿ? ಹೋಗು, ಮೂರನೇ ಟೇಬಲ್ ಒರೆಸು.”

ಮುಂದೆ ನಾನು ವಿಶ್ವವಿದ್ಯಾಲಯಕ್ಕೆ ಹೋದೆ. ಅಲ್ಲಿ ಜ್ಞಾನ ಎಂದರೇನು, ಸಾಕ್ಷ್ಯ ಎಂದರೇನು ಎಂದು ದಪ್ಪ ಪುಸ್ತಕಗಳನ್ನು ಓದಿಸಿದರು. ನಾನು ಕಲಿತದ್ದು ಮಾಮನ ಪ್ರಶ್ನೆಯನ್ನೇ, ಇನ್ನಷ್ಟು ಉದ್ದ ಮಾಡಿ. ಆ ಓದು ನನಗೆ ಒಂದು ರೋಗವನ್ನೂ ಅಂಟಿಸಿತು. ಯಾವ ನೆನಪನ್ನೂ ನಾನು ಪೂರ್ತಿ ನಂಬಲಾರೆ. ಹಲ್ಲಿಯ ಪ್ರಸಂಗ ನಡೆದದ್ದು ನಿಜವೆ, ಅಥವಾ ಅಪ್ಪ ಹೇಳಿದ್ದನ್ನು ಕೇಳಿ ಕೇಳಿ ನಾನೇ ಆ ಸ್ಟೂಲಿನ ಮೇಲೆ ಹೋಗಿ ಕೂತೆನೆ? ಹೆಗ್ಗಣದ ಮಾತು ಮಾಮನದೆಂದೇ ಅನ್ನಿಸುತ್ತದೆ. ಅನ್ನಿಸುತ್ತದೆ, ಅಷ್ಟೆ.

ಕಾಲಿನ ಕಥೆ ಮಾತ್ರ ಬಿಲ್ಡಿಂಗಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಮಾಮನ ತಾಯಿ ಅದನ್ನು ಬಂದವರಿಗೆಲ್ಲ ಹೇಳುತ್ತಿದ್ದರು. ಮಗುವಿಗೆ ಎರಡು ವರ್ಷವಾಗಿದ್ದಾಗ ಜ್ವರ ಬಂತು, ಕಂಪೌಂಡರ್ ಬಲತೊಡೆಗೆ ಇಂಜೆಕ್ಷನ್ ಚುಚ್ಚಿದ, ಆಮೇಲೆ ಆ ಕಾಲು ಮೇಲೇಳಲೇ ಇಲ್ಲ. “ಸೂಜಿ ನನ್ನ ಮಗನ ಕಾಲು ತಿಂದಿತು,” ಎಂದು ಅವರು ಹೇಳುವಾಗ ಮಾಮ ಹೊರಗೆ ಎದ್ದು ಹೋಗುತ್ತಿದ್ದರು. ಆ ತಾಯಿಯನ್ನು ಮೂಢೆ ಎಂದು ನಾನು ಹೇಳಲಾರೆ. ಪೋಲಿಯೊ ಮೈಯಲ್ಲಿ ಸೇರಿಕೊಂಡಿರುವಾಗ ಜ್ವರಕ್ಕೆಂದು ಸೂಜಿ ಚುಚ್ಚಿದರೆ ಆ ಕಾಲಿಗೇ ಏಟು ಬೀಳುವುದುಂಟು ಎಂದು ಡಾಕ್ಟರುಗಳೇ ಒಪ್ಪುತ್ತಾರೆ. ಆದರೆ ಅದು ಲಸಿಕೆಯ ಸೂಜಿಯಲ್ಲ. ಲಸಿಕೆ ಸಿಕ್ಕಿದ್ದರೆ ಆ ಜ್ವರವೇ ಬರುತ್ತಿರಲಿಲ್ಲವೇನೋ.

ಮಾಮನಿಗೆ ಸೂಜಿಯೆಂದರೆ ವಿಪರೀತ ಭಯ. ಹಲ್ಲು ಕೀಳಿಸುವಾಗಲೂ ಮರಗಟ್ಟಿಸುವ ಇಂಜೆಕ್ಷನ್ ಬೇಡವೆಂದು ಹಾಗೆಯೇ ಕೀಳಿಸಿಕೊಂಡವರು. ಅಂಥವರು ತಮ್ಮ ಒಬ್ಬಳೇ ಮಗಳಿಗೆ ದಡಾರದ ಲಸಿಕೆ ಹಾಕಿಸುವ ದಿನ ಬಂದಾಗ, ಬಾಗಿಲಿಗೆ ಅಡ್ಡ ನಿಂತ ತಾಯಿಯನ್ನು ದಾಟಿ, ಮಗುವನ್ನು ಎಡತೋಳಿನಲ್ಲಿ ಎತ್ತಿಕೊಂಡು ಬಲಗೈಯಿಂದ ಮೊಣಕಾಲು ಒತ್ತುತ್ತ ದವಾಖಾನೆಗೆ ಹೋದರು. ಜೊತೆಗೆ ಹೋದವರು ನನ್ನ ಅಮ್ಮ. ಸೂಜಿ ಹೋಗುವಾಗ ಮಾಮ ಗೋಡೆಯ ಕಡೆ ಮುಖ ತಿರುಗಿಸಿ ನಿಂತಿದ್ದರಂತೆ. ಮಗುವಿಗಿಂತ ಅವರೇ ಹೆಚ್ಚು ಬೆವರಿದ್ದರಂತೆ. ಹಿಂದಿರುಗುವಾಗ ಅಮ್ಮ, “ಇಷ್ಟು ಹೆದರಿಕೆ ಇಟ್ಟುಕೊಂಡು ಯಾಕೆ ಬಂದಿರಿ, ನನ್ನ ಜೊತೆ ಕಳಿಸಿದ್ದರೆ ಆಗುತ್ತಿರಲಿಲ್ಲವಾ?” ಎಂದು ಕೇಳಿದ್ದಕ್ಕೆ ಅವರು ಹೇಳಿದ ಮಾತನ್ನು ಅಮ್ಮ ಎಷ್ಟೋ ಸಲ ನನಗೆ ಹೇಳಿದ್ದಾರೆ.

“ಕಾಲು ನನ್ನದು, ಹೆದರಿಕೆಯೂ ನನ್ನದೇ. ಅದನ್ನು ಅವಳ ಕಾಲಿಗೆ ಕಟ್ಟುವುದು ಯಾವ ನ್ಯಾಯ ಅಕ್ಕ?”

ಇದೆಲ್ಲ ಹಳೆಯದು. ನನ್ನ ಕಣ್ಣೆದುರು ನಡೆದದ್ದು ನಮ್ಮ ಬಿಲ್ಡಿಂಗಿನ ಸೊಸೈಟಿಯ ಮೀಟಿಂಗು.

ಆ ವರ್ಷ ನಮ್ಮ ಕಡೆ ಮಕ್ಕಳಿಗೆ ಗೋವರ್ ಹಬ್ಬಿತ್ತು. ದಡಾರಕ್ಕೆ ಇಲ್ಲಿ ಎಲ್ಲರೂ ಹಾಗೆಯೇ ಹೇಳುವುದು. ಒಂದು ಭಾನುವಾರದ ಮಟ್ಟಿಗೆ ನಮ್ಮ ಬಿಲ್ಡಿಂಗಿನ ಹಾಲ್ ಕೊಟ್ಟರೆ ಬಿಲ್ಡಿಂಗಿನ ಮಕ್ಕಳಿಗೂ ಹಿಂದಿನ ಚಾಳಿನ ಒಂಟಿಕೋಣೆಯ ಮನೆಗಳ ಮಕ್ಕಳಿಗೂ ಲಸಿಕೆ ಹಾಕುತ್ತೇವೆ ಎಂದು ಕೇಳಿಕೊಂಡು ದವಾಖಾನೆಯವರು ಬಂದಿದ್ದರು. ಹಾಲ್ ಕೊಡಬೇಕೋ ಬೇಡವೋ ಎಂದು ಮೀಟಿಂಗು. ಮೂರನೇ ಮಹಡಿಯವನು ಎದ್ದ. ಫೋರ್ಟ್ ಏರಿಯಾದ ಯಾವುದೋ ಕಂಪನಿಯಲ್ಲಿ ದೊಡ್ಡ ಕೆಲಸ. ಅವನ ತಾತ ನಮ್ಮ ಊರಿನ ಕಡೆಯವರೇ, ಅವನಿಗೆ ಕನ್ನಡ ಬರುವುದಿಲ್ಲ. ನನ್ನ ಮಗುವಿನ ಮೈಯೊಳಗೆ ಏನು ಹೋಗಬೇಕೆಂದು ಸರ್ಕಾರ ಯಾಕೆ ಹೇಳಬೇಕು, ಇದು ವ್ಯಕ್ತಿಸ್ವಾತಂತ್ರ್ಯದ ಪ್ರಶ್ನೆ, ನಾಳೆ ಇನ್ನೇನನ್ನು ಕಡ್ಡಾಯ ಮಾಡುತ್ತಾರೋ ಎಂದ. ಅವನ ಮಾತಿನ ಬಗ್ಗೆ ನನಗೆ ತಕರಾರು ಇದ್ದದ್ದು ಕಡಿಮೆ. ಸರ್ಕಾರವನ್ನು ಪ್ರಶ್ನಿಸಬಾರದೆಂದು ನಾನು ಹೇಳಿಲ್ಲ. ವಿಶ್ವವಿದ್ಯಾಲಯದಲ್ಲಿ ನಾನೇ ಆಡುತ್ತಿದ್ದ ವಾಕ್ಯಗಳು ಅವನ ಬಾಯಿಂದ, ಅತ್ತರು ಹಚ್ಚಿಕೊಂಡು ಬಂದಂತೆ ಬರುತ್ತಿದ್ದವು. ಅದೇ ನನಗೆ ಹೇಸಿಗೆಯಾದದ್ದು.

ಆಮೇಲೆ ಅವನು ಹಿಂದಿನ ಸಾಲಿನ ಕಡೆ ತಿರುಗಿದ. “ಅಂಕಲ್, ನಿಮ್ಮ ಕಾಲಿನ ವಿಷಯ ಎಲ್ಲರಿಗೂ ಹೇಳಿ. ಸಂಕೋಚ ಬೇಡ.” ಹೇಳುತ್ತಲೇ ಮೊಬೈಲು ಎತ್ತಿ ಹಿಡಿದ.

ಸರ್ಕಸ್ಸಿನ ಪ್ರಾಣಿಯನ್ನು ಕರೆದ ಹಾಗಿತ್ತು. ಮಾಮ ಎದ್ದರು. ಎಡಗೈಯಿಂದ ಮುಂದಿನ ಪ್ಲಾಸ್ಟಿಕ್ ಕುರ್ಚಿಯ ಬೆನ್ನು ಹಿಡಿದುಕೊಂಡು, “ನನಗೆ ಎರಡು ವರ್ಷ ಇದ್ದಾಗ ಇಂಜೆಕ್ಷನ್ ಕೊಟ್ಟರು, ಈ ಕಾಲು ಹೋಯಿತು,” ಎಂದರು. ಸಭೆಯಲ್ಲಿ ಅಯ್ಯೋ ಎಂಬ ಉಸಿರು ಎದ್ದಿತು. ಮೂರನೇ ಮಹಡಿಯವನು ತಲೆಯಾಡಿಸಿ ಮೊಬೈಲು ಕೆಳಗಿಳಿಸಿದ. ಅವನಿಗೆ ಬೇಕಾದ್ದು ಸಿಕ್ಕಿತ್ತು.

ಅಷ್ಟರಲ್ಲಾಗಲೇ ಮಾಮ ಬೆರಳು ಎತ್ತಿದ್ದರು.

“ಆದ್ರೆ ಅದು ನಾನು ನೋಡಿದ್ದಲ್ಲ. ಅಮ್ಮ ಹೇಳಿದ್ದು, ನಾನು ಕೇಳಿದ್ದು. ನಾನು ನೋಡಿದ್ದು ಬೇರೆ ಉಂಟು. ನಮ್ಮ ಪಕ್ಕದ ಮನೆಯ ಹುಡುಗಿಗೂ ಆಗಲೇ ಅದೇ ಜ್ವರ ಬಂದದ್ದು. ಅವಳನ್ನು ಯಾವ ಕಂಪೌಂಡರನ ಹತ್ತಿರವೂ ಕರಕೊಂಡು ಹೋಗಲಿಲ್ಲ, ಒಂದು ಸೂಜಿಯೂ ಚುಚ್ಚಲಿಲ್ಲವಂತೆ. ಅವಳಿಗೆ ಎರಡೂ ಕಾಲು ಹೋಯಿತು. ಅಂಗಳದಲ್ಲಿ ಕೈಯೂರಿ ತೆವಳುತ್ತಿದ್ದಳು. ಅದನ್ನು ನಾನು ನೋಡಿದ್ದೇನೆ, ದಿನಾ.”

ಸೆಕ್ರೆಟರಿ ಕೆಮ್ಮಿದರು. ಮಾಮನ ಬೆರಳು ಇಳಿಯಲಿಲ್ಲ. ಮೂರನೇ ಮಹಡಿಯವನ ಕಡೆ ತಿರುಗಿ, “ನಿಮ್ಮ ಮಕ್ಕಳಿಗೆ ಹಾಕಿಸಿದ್ದೀರಾ, ಇಲ್ಲವಾ?” ಎಂದು ಕೇಳಿದರು.

ಅವನು ಬಾಯಿ ತೆರೆಯುವ ಮೊದಲೇ ಅವನ ಹೆಂಡತಿ ಹೆಮ್ಮೆಯಿಂದ ಹೇಳಿಬಿಟ್ಟಳು. “ಹಾಂ ಅಂಕಲ್, ಎಲ್ಲ ಡೋಸ್ ಆಗಿದೆ. ಸರ್ಟಿಫಿಕೇಟ್ ಇಲ್ಲದಿದ್ದರೆ ಸ್ಕೂಲಿನವರು ಅಡ್ಮಿಷನ್ನೇ ಕೊಡಲ್ಲ.”

“ಹಾಗಾದ್ರೆ ನಿಮ್ಮ ಈ ಆಜಾದಿ ಯಾರ ಮಕ್ಕಳಿಗೆ ಮಾರಾಯ್ರೆ, ಚಾಳಿನವರಿಗಾ?”

ಕೆಲವರು ನಕ್ಕರು. ಅಷ್ಟರಲ್ಲೇ ಮುಗಿಯಿತು. ಆಮೇಲಿನ ಚರ್ಚೆಯಲ್ಲಿ ಸ್ವಾತಂತ್ರ್ಯದ ಸುದ್ದಿಯೇ ಬರಲಿಲ್ಲ. ಚಾಳಿನವರು ಚಪ್ಪಲಿ ಎಲ್ಲಿ ಬಿಡುತ್ತಾರೆ, ನಮ್ಮ ಟಾಯ್ಲೆಟ್ಟಿಗೆ ಹೋದರೆ ತೊಳೆಯುವವರು ಯಾರು, ಲಿಫ್ಟಿನೊಳಗೆ ನುಗ್ಗಿದರೆ? ಹೊಲಸು ಹೊರಬಿದ್ದ ಮೇಲೆ ಎಲ್ಲರಿಗೂ ಹಗುರವಾದಂತಿತ್ತು. ಹಾಲ್ ಕೊಡಲಿಲ್ಲ.

ಕ್ಯಾಂಪು ಚಾಳಿನ ಗಲ್ಲಿಯಲ್ಲಿ, ನೀಲಿ ತಾಡಪಾಲಿನ ಕೆಳಗೆ ನಡೆಯಿತು. ಮಾಮ ಹೋಟೆಲಿನಿಂದ ಕುರ್ಚಿ ಕಳಿಸಿದರು, ಚಹಾ ಕಳಿಸಿದರು. ನಾನೂ ಹೋಗಿದ್ದೆ. ನಮ್ಮ ಬಿಲ್ಡಿಂಗಿಗೆ ಬಂದಾಗ ‘ಸರ್, ಮೇಡಂ’ ಎನ್ನುತ್ತಿದ್ದ ಡಾಕ್ಟರು ಅಲ್ಲಿ ತಾಯಂದಿರನ್ನು ದನ ಗದರಿಸಿದಂತೆ ಗದರಿಸುತ್ತಿದ್ದರು. ಏನು ಔಷಧಿ ಎಂದು ಕೇಳಿದ ಒಬ್ಬಳಿಗೆ, “ನಿನಗೆ ಹೇಳಿದರೆ ತಿಳಿಯುತ್ತದಾ? ತೋಳು ಹಿಡಿ,” ಎಂದರು. ಮೇಲಿನವರಿಗೆ ಕೇಳದೆಯೇ ಸಿಗುವ ಸ್ವಾತಂತ್ರ್ಯ, ಕೆಳಗಿನವರಿಗೆ ಕೇಳಿದರೆ ಸಿಗುವ ಬೈಗುಳ. ಮಾಮ ಕುರ್ಚಿ ಹಿಡಿದು ಕೈ ಎತ್ತಿ, “ಡಾಕ್ಟ್ರೇ, ಅವಳ ಮಗು. ಅವಳು ಕೇಳಲಿ, ನೀವು ಹೇಳಿ,” ಎಂದರು. ಡಾಕ್ಟರು ಹೇಳಿದರು. ಅವಳು ಮಗುವಿನ ತೋಳು ಹಿಡಿದಳು.

ಮುಂದಿನ ವರ್ಷ ಪರೇಲಿನ ಆಸ್ಪತ್ರೆಯಲ್ಲಿ ಮಾಮ ಹೃದಯದ ಕಾಯಿಲೆಯಿಂದ ತೀರಿಹೋದರು. ಸಲೈನ್ ಸೂಜಿ ಹಾಕುವಾಗಲೆಲ್ಲ ಗೋಡೆಯ ಕಡೆ ತಿರುಗುತ್ತಿದ್ದರು ಎಂದು ಮಗಳು ಹೇಳಿದಳು.

ಆ ಮಗಳು ಈಗ ಡೊಂಬಿವಲಿಯಲ್ಲಿದ್ದಾಳೆ. ಅವಳ ಹೆಣ್ಣುಮಗುವಿಗೆ ಒಂಬತ್ತು ತಿಂಗಳು ತುಂಬಿತ್ತು, ದಡಾರದ ಲಸಿಕೆ ಹಾಕಿಸುವ ಸಮಯ. ತಾಯಂದಿರ ಯಾವುದೋ ಗ್ರೂಪಿನಲ್ಲಿ ಅವಳಿಗೆ ಆ ಕ್ಲಿಪ್ ಬಂತು. ಗುರುತಿಲ್ಲದ ಯಾರೋ ಅವಳ ಅಪ್ಪನನ್ನೇ ಅವಳಿಗೆ ಕಳಿಸಿದ್ದರು. ಅಂದಿನಿಂದ ಅವಳು ಲಸಿಕೆ ನಿಲ್ಲಿಸಿದ್ದಾಳೆಂದು ತಿಳಿದು, ಒಂದು ಭಾನುವಾರ ಲೋಕಲ್ ಹಿಡಿದು ಹೋದೆ.

“ಅಣ್ಣ, ಪಪ್ಪನೇ ಬೋಲ್ತಾ ಇದ್ದಾರಲ್ಲ,” ಎಂದಳು, ತನ್ನ ಹಿಂದಿ ಬೆರೆತ ಕನ್ನಡದಲ್ಲಿ. “ನಾನು ರೋಜ್ ನೋಡ್ತೇನೆ. ಅವರ ಆವಾಜ್ ನನ್ನ ಹತ್ರ ಇರೋದು ಇದೊಂದೇ.”

ಕ್ಲಿಪ್ ತೋರಿಸಿದಳು. ಹಿಂದಿಯಲ್ಲಿ ಮಾಮನ ಧ್ವನಿ: ಇಂಜೆಕ್ಷನ್ ಕೊಟ್ಟರು, ಈ ಕಾಲು ಹೋಯಿತು. ಅಲ್ಲಿಗೆ ಮುಗಿಯಿತು. ಉಳಿದದ್ದನ್ನು ನಾನು ಹೇಳಿದೆ. ಪಕ್ಕದ ಮನೆಯ ಹುಡುಗಿ, ಅಂಗಳ, ಎಲ್ಲ. ಅವಳು ಕೇಳುತ್ತ ಕೂತಳು. ಆಮೇಲೆ ಅಪ್ಪನ ದನಿಯಲ್ಲೇ ಕೇಳಿದಳು.

“ಇದು ನೀನು ನೋಡಿದ್ದಾ ಅಣ್ಣ, ಕೇಳಿದ್ದಾ?”

“ಅಲ್ಲೇ ಕೂತಿದ್ದೆ.”

“ಮತ್ತೆ ವಿಡಿಯೋದಲ್ಲಿ ಇಲ್ಲವಲ್ಲ?”

ಮೀಟಿಂಗಿನಲ್ಲಿ ಎಲ್ಲರೂ ಮಾತನಾಡಿದ್ದು ಹಿಂದಿಯಲ್ಲಿ. ಆದರೆ ಮಾಮನ ಆ ಕೊನೆಯ ಮಾತುಗಳು ನನ್ನ ತಲೆಯಲ್ಲಿ ಇರುವುದು ಕನ್ನಡದಲ್ಲಿ, ಉಡುಪಿ ಕಡೆಯ ಕನ್ನಡದಲ್ಲಿ. ಹಾಗಾದರೆ ನನಗೆ ಸರಿಯಾಗಿ ನೆನಪಿದೆಯೆ? ಅವರು ಹೇಳಬೇಕಿತ್ತೆಂದು ನಾನು ಬಯಸಿದ್ದನ್ನು ಅವರ ಬಾಯಿಗೆ ಹಾಕುತ್ತಿದ್ದೇನೆಯೆ? ಅವಳ ಕೈಯಲ್ಲಿ ರೆಕಾರ್ಡು ಇತ್ತು, ನನ್ನ ಕೈಯಲ್ಲಿ ನನ್ನ ತಲೆ. ಸುಳ್ಳು ಹೇಳುವ ಮೊಬೈಲು, ನಿಜ ಹೇಳಲು ಅಂಜುವ ನಾನು.

ಅವಳು ಮತ್ತೆ ಹಾಕಿದಳು. ಮತ್ತೆ. ಕೊನೆಯ ಚೂರಿನಲ್ಲಿ ತಟ್ಟನೆ ನಿಲ್ಲಿಸಿ ಪರದೆಯನ್ನು ಬೆರಳಿನಿಂದ ದೊಡ್ಡದು ಮಾಡಿದಳು. ಮಾಸಿದ ಗುರುತು ಕಾಣಿಸುತ್ತಿತ್ತು, ಮೊಣಕಾಲಿನ ಮೇಲೆ. ಅದನ್ನು ಮುಚ್ಚಿಕೊಂಡಿರಬೇಕಾದ ಅಂಗೈ ಅಲ್ಲಿರಲಿಲ್ಲ. ಗಾಳಿಯಲ್ಲಿ ಮಸುಕಾಗಿತ್ತು.

“ಪಪ್ಪ ಕೈ ಎತ್ತಿದ್ದಾರೆ,” ಎಂದಳು.

ಮಾತು ಒಪ್ಪಿಗೆಯಾಗದಿದ್ದಾಗ ಮಾತ್ರ ಏಳುತ್ತಿದ್ದ ಕೈ ಅದು, ನಮ್ಮಿಬ್ಬರಿಗೂ ಗೊತ್ತಿತ್ತು.

ಕ್ಲಿಪ್ ಇನ್ನೂ ಓಡಾಡುತ್ತಿದೆ. ಮೊನ್ನೆ ಮತ್ತೆ ನನಗೇ ಬಂತು. ಆ ಕೈಯ ಅರ್ಥ ಗೊತ್ತಿಲ್ಲದ ಅದೆಷ್ಟು ಮನೆಗಳಲ್ಲಿ ಅದನ್ನು ನೋಡಿ ಮಕ್ಕಳ ತೋಳು ಹಿಂದಕ್ಕೆಳೆದುಕೊಂಡಿದ್ದಾರೋ. ಮೂರನೇ ಮಹಡಿಯವನು ಲಿಫ್ಟಿನಲ್ಲಿ ಸಿಕ್ಕರೆ ಈಗಲೂ ನಗುತ್ತಾನೆ. ನಾನು ಮೆಟ್ಟಿಲು ಹತ್ತುತ್ತೇನೆ.

ನಾನು ಡೊಂಬಿವಲಿಗೆ ಹೋಗಿಬಂದ ಮರುದಿನ ಅವಳು ಫೋನ್ ಮಾಡಿ, ಮಂಗಳವಾರ ಅವರ ಕಡೆಯ ದವಾಖಾನೆಯಲ್ಲಿ ಡೋಸ್ ಕೊಡುತ್ತಾರೆಂದೂ, ತನಗೆ ನೋಡಲು ಆಗುವುದಿಲ್ಲ, ನೀನು ಬಾ ಎಂದೂ ಹೇಳಿದಳು. ಹೋದೆ. ಮಗುವನ್ನು ನನ್ನ ತೊಡೆಯ ಮೇಲೆ ಕೂರಿಸಿ, ಸೂಜಿ ಹೋಗುವಾಗ ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. ನಾನು ತಿರುಗಿಸಲಿಲ್ಲ. ಇದು ಕೇಳಿದ್ದಲ್ಲ ಮಾಮ, ನೋಡಿದ್ದು.