ಆಚೆ ದಂಡೆಯ ಹೆಂಗಸು

ನಮ್ಮ ಕಡೆಯ ಊರುಗಳು ಮುಂಬಯಿ ಪ್ರಾಂತ ಬಿಟ್ಟು ಮೈಸೂರಿಗೆ ಸೇರುವ ಹಿಂದಿನ ವರ್ಷ ಅದು. ನನಗೆ ಹದಿನೇಳು. ಮೆಣಸಗಿಗೆ ಕೊಟ್ಟಿದ್ದ ದೊಡ್ಡವ್ವನ ಮಗಳು ಎರಡನೆಯ ಕೂಸು ಹಡೆದಿದ್ದಳು. ಗಜೇಂದ್ರಗಡದಲ್ಲಿ ಮಗ್ಗ ನಡೆಸುತ್ತಿದ್ದ ದೊಡ್ಡವ್ವ ಯಾವಗಲ್ಲಿನ ನಮ್ಮ ಮನೆಗೆ ಬಂದವಳು, ಬಾಣಂತಿಯನ್ನು ನೋಡಲು ನನ್ನನ್ನೂ ಕರೆದುಕೊಂಡು ಹೊರಟಳು. ಗಾಡಿದಾರಿಯಲ್ಲಿ ಎರಿಮಣ್ಣು ಮೊಣಕಾಲುದ್ದ ಕೆಸರಾಗಿತ್ತು. ಬೆಣ್ಣಿಹಳ್ಳ ತುಂಬಿ ಬಂದು ಇಳಿದು ಮೂರು ದಿನವಾಗಿತ್ತಾದ್ದರಿಂದ, ಬೆಳಕು ಹರಿಯುತ್ತಲೇ ಹಳ್ಳದ ದಂಡೆ ಹಿಡಿದು ನಡೆದೆವು.

ಬಿಸಿಲೇರುವ ಹೊತ್ತಿಗೆ ಆಚೆ ದಂಡೆಯಲ್ಲಿ ಒಬ್ಬ ಹೆಂಗಸು ಕಂಡಳು. ತಲೆಯ ಮೇಲೆ ಸೆರಗು, ಕೈಯಲ್ಲಿ ಉದ್ದನೆಯ ಕೋಲು. ನಾವು ತಿರುವಿನಲ್ಲಿ ನೆರಳಿಗೆ ಕೂತರೆ ಅವಳೂ ನಿಲ್ಲುವಳು. ನಾವು ಎದ್ದರೆ ಅವಳೂ ಹೊರಡುವಳು. ಒಮ್ಮೆಯೂ ನಮ್ಮತ್ತ ಮುಖ ಮಾಡಲಿಲ್ಲ.

"ದೊಡ್ಡವ್ವ, ಆಕಿ ನಮ್ಮ ಬೆನ್ನ ಹತ್ಯಾಳ."

"ಸುಮ್ನ ನಡಿ. ಆ ಕಡಿ ನೋಡಬ್ಯಾಡ."

ದಾರಿಯುದ್ದಕ್ಕೂ ಬಾಯಿಗೆ ಬಿಡುವಿಲ್ಲದೆ ಮಾತಾಡುವ ದೊಡ್ಡವ್ವ ಅಷ್ಟೇ ಹೇಳಿ ಬಿರಬಿರನೆ ನಡೆದಳು. ಹಸಿ ಹೊಲಗಳಲ್ಲಿ ಒಂದಾಳೂ ಇರಲಿಲ್ಲ. ನೆರೆ ತಂದ ಹುಲ್ಲು, ಚಿಂದಿಗಳು ಜಾಲಿಯ ಮುಳ್ಳುಕಂಟಿಗಳಲ್ಲಿ ತಲೆಯೆತ್ತರಕ್ಕೆ ನೇತಾಡುತ್ತಿದ್ದವು. ಅವಳ ಕೋಲು ನೀರಿಗಿಳಿಯುವ ಸಪ್ಪಳವೊಂದೇ ಕೇಳುತ್ತಿತ್ತು.

ನಡುಮಧ್ಯಾಹ್ನ ದೊಡ್ಡವ್ವ ತಡೆಯಲಾರದೆ ಕೂಗಿದಳು. "ಯಾವೂರಾಕಿವಾ ನೀನು?"

ಹೆಂಗಸು ನಿಂತಳು. ತಲೆ ವಾರೆ ಮಾಡಿ ಏನನ್ನೋ ಆಲಿಸಿದಳು. ಮತ್ತೆ ನಡೆದಳು.

"ಆಕಿ ಪಾದ ನೆಟ್ಟಗದಾವೇನ ನೋಡು," ಎಂದು ದೊಡ್ಡವ್ವ ಪಿಸುಗುಟ್ಟಿದಳು. ಮೊಣಕಾಲಿನವರೆಗೂ ಕೆಸರು ಮೆತ್ತಿದ್ದರಿಂದ ಪಾದ ಕಾಣುತ್ತಿರಲಿಲ್ಲ.

ನಾವು ಹಳ್ಳ ದಾಟಬೇಕಾದ ಜಾಗದಲ್ಲಿ ಅವಳು ಮೊದಲೇ ಬಂದು ನಿಂತಿದ್ದಳು. ಬೇರೆ ದಾರಿಯಿರಲಿಲ್ಲ. ಕೈ ಕೈ ಹಿಡಿದು ನೀರಿಗಿಳಿದೆವು. ದಂಡೆ ಹತ್ತುತ್ತಲೇ ಅವಳು ತೀರಾ ಸಮೀಪ ಬಂದು, ನೆರೆಮನೆಯವಳಂತೆ ಕೇಳಿದಳು:

"ನಿಮ್ಮ ದಂಡಿಗೆ ಏನರ ಸಿಕ್ತೇನ್ರಿ? ಹಸರು ಸೀರಿ? ನಮ್ಮ ತಂಗಿ ಅರಬಿ ಒಗ್ಯಾಕ ಬಂದಾಕಿ ಹೊಳ್ಳಿ ಬರಲಿಲ್ಲ. ನೀವೂ ಹುಡುಕಾಕತ್ತೀರಿ ಅಂತ, ನೀವು ನಿಂತಲ್ಲೆ ನಾನೂ ನಿಂತು ನೋಡಿದೆ."

"ಕೂಗಿದ್ರ ಯಾಕ ಓ ಅನಲಿಲ್ಲವಾ?" ಎಂದಳು ದೊಡ್ಡವ್ವ.

"ನಾ ಮಾತಾಡಿದ್ರ ಆಕಿ ಕರಿಯೂದು ಕೇಳಂಗಿಲ್ಲಲ್ರಿ."

ದೊಡ್ಡವ್ವನ ಕಣ್ಣು ತುಂಬಿದವು. "ನಡಿಯವಾ, ಮೂವರೂ ನೋಡೂಣು," ಎಂದಳು. ಅಲ್ಲಿಂದ ಮುಂದೆ ಒಂದು ಕಂಟಿಯನ್ನೂ ಬಿಡಲಿಲ್ಲ. ಮುಂಜಾನೆ ಅವಳನ್ನು ಕಂಡು ಹೆದರಿದ್ದ ನಾನು ಈಗ ಪ್ರತಿ ಟೊಂಗೆ ಎತ್ತುವಾಗಲೂ ಅಡಿಯಲ್ಲಿ ಏನು ಕಂಡೀತೋ ಎಂದು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಏನೂ ಸಿಗಲಿಲ್ಲ.

ಸಂಜೆ ಮೆಣಸಗಿಯಲ್ಲಿ ದೊಡ್ಡವ್ವನ ಬೀಗತಿ ಅವಳನ್ನು ನೋಡಿ ಅಚ್ಚರಿಪಡಲಿಲ್ಲ. ಪಡಸಾಲೆಯಲ್ಲಿ ಉಣ್ಣಲಿಟ್ಟು, ನಮ್ಮನ್ನು ಒಳಗೆ ಕರೆದಳು.

"ಈ ವರ್ಷ ನಿಮ್ಮ ಜೋಡಿ ಬಂದ್ಲೇನ್ರಿ? ಆಕಿ ತಂಗಿ ಹೋಗಿ ಹನ್ನೊಂದ ವರ್ಷಾತು. ಹೊಸ ನೀರ ಬಂದಾಗೊಮ್ಮಿ ಹಿಂಗ ಬರ್ತಾಳ."

ನಾನು ಮುಳ್ಳು ಗೀರಿದ ನನ್ನ ಕೈಗಳನ್ನು ನೋಡಿಕೊಂಡೆ. ಇಡೀ ಮಧ್ಯಾಹ್ನ ನಾನೂ ಕಿವಿಗೊಟ್ಟು ಕೇಳುತ್ತಿದ್ದೆ. ಒಂದೆರಡು ಸಲ ಕರೆದಂತೆ ಕೇಳಿಸಿಯೂ ಇತ್ತು. ಅದನ್ನು ಯಾರಿಗೂ ಹೇಳಲಿಲ್ಲ.

ಮರುದಿನ ದೊಡ್ಡವ್ವ ಅವಳಿಗೆ ರೊಟ್ಟಿ ಕಟ್ಟಿಕೊಟ್ಟಳು. "ಹೊಳ್ಳಿ ಹೋಗಾಕ ಯಾವ ದಂಡಿ ಹಿಡೀತಿಯವಾ?"

"ನೀವು ಬಂದ ದಂಡಿರಿ. ಅಲ್ಲೆ ನೀವು ಬರೇ ನಡದ್ರಿ, ಕಂಟಿ ಎತ್ತಿ ನೋಡಲಿಲ್ಲ," ಎಂದು ಕೋಲು ತೆಗೆದುಕೊಂಡು ಹೊರಟಳು.

ಹದಿನೈದು ದಿನ ಬಿಟ್ಟು ನಾವು ಹಳ್ಳದ ದಂಡೆ ಬಿಟ್ಟು ಗಾಡಿದಾರಿಯಲ್ಲೇ ಹಿಂದಿರುಗಿದೆವು. ಕೆಸರು ಇನ್ನೂ ಆರಿರಲಿಲ್ಲ.